ಸರ್ವಮಂಗಳಮ್ಮ ಆರಿಸಿದ ಕಪ್ಪು

ಚಾಮರಾಜಪೇಟೆಯ ಆ ಮ್ಯಾಚಿಂಗ್ ಸೆಂಟರಿನಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಎತ್ತರದ ಸ್ಟೂಲಿದೆ. ಅಂಗಡಿ ಶುರು ಮಾಡಿದವರು ಮಲ್ಲಿಕಾರ್ಜುನಯ್ಯ, ಈಗ ನಡೆಸುವವನು ಅವರ ಮಗ ನಾಗಭೂಷಣ್. ಆದರೆ ಗಿರಾಕಿಗಳು ಬರುವುದು ಸ್ಟೂಲಿನ ಮೇಲೆ ಕೂತ ಸರ್ವಮಂಗಳಮ್ಮನ ಕಣ್ಣನ್ನು ನಂಬಿಕೊಂಡು. ಮಲ್ಲಿಕಾರ್ಜುನಯ್ಯ ತೀರಿಕೊಂಡು ಬಹಳ ಕಾಲವಾಯಿತು. ಇದ್ದಾಗಲೂ ಅವರು ಬಣ್ಣದ ವಿಷಯದಲ್ಲಿ ಹೆಂಡತಿಯ ಎದುರು ಬಾಯಿ ಬಿಡುತ್ತಿರಲಿಲ್ಲ.

ಸೀರೆ ತಂದು ಕೌಂಟರಿನ ಮೇಲಿಟ್ಟರೆ ಸರ್ವಮಂಗಳಮ್ಮ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಒಮ್ಮೆ ಮಡಚಿ ನೋಡುವರು. ಆಮೇಲೆ ಎದ್ದು ಹೋಗಿ ರವಿಕೆ ಬಟ್ಟೆಯ ಥಾನು ತರುವರು. ಒಂದೇ ಒಂದು ಥಾನು. ಹತ್ತು ಬಣ್ಣ ಹರವಿ ಗಿರಾಕಿಯ ತಲೆ ಕೆಡಿಸುವುದು ಪಕ್ಕದ ಬೀದಿಯವರ ಪದ್ಧತಿ. ಇಲ್ಲಿ ಅಮ್ಮ ತಂದದ್ದೇ ಬಣ್ಣ. ಈರುಳ್ಳಿ ಸಿಪ್ಪೆಯ ಬಣ್ಣ ಎಂದು ನಾವು ನೀವು ಒಂದೇ ಮಾತಲ್ಲಿ ಮುಗಿಸುವುದರಲ್ಲಿ ಅವರಿಗೆ ನಾಲ್ಕು ಬಗೆ ಕಾಣುತ್ತಿತ್ತು. ಮದುವೆ ಮನೆಯವರು ಸೀರೆಗಳ ಗಂಟನ್ನೇ ಬಿಟ್ಟು ಹೋಗಿ ಸಂಜೆ ಬಂದು ರವಿಕೆ ಬಟ್ಟೆಗಳ ಜೊತೆ ತೆಗೆದುಕೊಂಡು ಹೋಗುತ್ತಿದ್ದರು. ಬಿಚ್ಚಿ ನೋಡುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಇಂಥವರು ದೀಪಾವಳಿಗೆ ಮುಂಚೆ ಗಿರಿಜಾಂಬಾ ಎಂಬ ಹಳೆಯ ಗಿರಾಕಿಯ ಕಪ್ಪು ಸೀರೆಗೆ ಕಡುನೀಲಿ ಬಟ್ಟೆ ಕತ್ತರಿಸಿ ಕೊಟ್ಟುಬಿಟ್ಟರು. ಗಿರಿಜಾಂಬಾ ನಗುತ್ತಲೇ ವಾಪಸು ತಂದರು. ಟ್ಯೂಬ್‌ಲೈಟ್ ಕೆಟ್ಟಿದೆ, ಇವನಿಗೆ ಹೇಳಿ ಹೇಳಿ ಸಾಕಾಯಿತು ಎಂದು ಸರ್ವಮಂಗಳಮ್ಮ ಮಗನ ಮೇಲೆ ಹಾಕಿದರು. ನಾಗಭೂಷಣ್ ಅಂದೇ ಟ್ಯೂಬ್‌ಲೈಟ್ ಬದಲಾಯಿಸಿದ. ಅವರು ಮಾತ್ರ ಮಾರನೆಯ ವಾರ ದೇವಸ್ಥಾನಕ್ಕೆ ಎಂದು ಹೇಳಿ ಒಬ್ಬರೇ ಆಟೋ ಹತ್ತಿ ಕಣ್ಣಿನ ಡಾಕ್ಟರ ಬಳಿ ಹೋದರು. ಕಣ್ಣಿನ ಹಿಂದಿನ ಪರದೆ ನಡುವೆ ಸವೆಯುತ್ತಿದೆ, ಇದು ಪೊರೆಯಲ್ಲ, ಆಪರೇಷನ್ ಮಾಡಿ ತೆಗೆಯುವಂಥದ್ದಲ್ಲ, ನಿಧಾನ ಮಾಡಬಹುದು ಅಷ್ಟೇ ಎಂದು ಡಾಕ್ಟರು ಹೇಳಿದರು. ಮಾತ್ರೆ ಕೊಟ್ಟರು. ಮಾತ್ರೆಯ ಡಬ್ಬಿಯನ್ನು ಸರ್ವಮಂಗಳಮ್ಮ ವಿಭೂತಿ ಗಟ್ಟಿಗಳ ಪಕ್ಕ ದೇವರ ಕಪಾಟಿನಲ್ಲಿ ಇಟ್ಟುಕೊಂಡರು. ಅಲ್ಲಿಗೆ ಸೊಸೆ ಚೈತನ್ಯಾ ಕೈ ಹಾಕುವುದಿಲ್ಲ.

ಮನೆಯಲ್ಲಿ ಹೇಳಿದ್ದರೆ ಯಾರೂ ಬೈಯುತ್ತಿರಲಿಲ್ಲ. ಭಯ ಇದ್ದದ್ದೇ ಅದಕ್ಕೆ. ಪಾಪ ಅಮ್ಮ, ರೆಸ್ಟ್ ತಗೊಳ್ಳಿ ಎನ್ನುತ್ತಾರೆ. ಸ್ಟೂಲು ಬಿಟ್ಟರೆ ಉಳಿಯುವುದು ಮನೆಯ ಸೋಫಾ, ಮತ್ತು ಸೋಫಾ ಮೇಲೆ ಕೂರಿಸಿದ ಅತ್ತೆಯಂದಿರನ್ನು ಅವರು ಶಂಕರಪುರಂನಲ್ಲಿ ಬೇಕಾದಷ್ಟು ನೋಡಿದ್ದರು. ಬೆಳಿಗ್ಗೆ ಹತ್ತಕ್ಕೆ ಕೂರಿಸಿದವರನ್ನು ಊಟಕ್ಕೆ ಎಬ್ಬಿಸುತ್ತಾರೆ, ನಡುವೆ ಯಾರೂ ಏನೂ ಕೇಳುವುದಿಲ್ಲ.

ಹಾಗಾಗಿ ಹೊಸ ಪದ್ಧತಿ ಶುರುವಾಯಿತು. ಸರ್ವಮಂಗಳಮ್ಮ ಈಗ ಎರಡು ಥಾನು ತರತೊಡಗಿದರು. ಎರಡನ್ನೂ ಸೀರೆಯ ಪಕ್ಕ ಇಟ್ಟು, ನಿಮಗೆ ಯಾವುದು ಅನ್ನಿಸುತ್ತೆ ಎಂದು ಕೇಳಿ, ಗಿರಾಕಿಯ ಕೈ ಎಲ್ಲಿ ನಿಲ್ಲುತ್ತದೆ ಎಂದು ಕಾಯುವರು. ಕೈ ನಿಂತ ಕಡೆಗೆ, ನಾನೂ ಅದನ್ನೇ ಹೇಳೋಣ ಅಂತಿದ್ದೆ ಎನ್ನುವರು. ಗಿರಾಕಿಗಳಿಗೆ ಇದು ಇನ್ನೂ ಹಿಡಿಸಿತು. ಅಮ್ಮ ನಮ್ಮ ಅಭಿಪ್ರಾಯವನ್ನೂ ಕೇಳುತ್ತಾರೆ ಎಂದು ಹೊಗಳಿದರು. ನಾಗಭೂಷಣ್‌ಗಂತೂ ಅಮ್ಮ ಈ ವಯಸ್ಸಿನಲ್ಲಿ ವ್ಯಾಪಾರದ ಹೊಸ ಪಟ್ಟು ಕಲಿತಳು ಎಂದು ಹೆಮ್ಮೆ.

ನಾಗಭೂಷಣ್ ಒಳ್ಳೆಯವನು. ಆದರೆ ಮನೆಗೆ ಒಂದು ಕುಕ್ಕರ್ ತರಬೇಕಾದರೂ ಊರಿನವರನ್ನೆಲ್ಲ ವಿಚಾರಿಸುವ ಸ್ವಭಾವ. ಹಾಲ್ ರಿಪೇರಿ ಮಾಡಿಸಿ ನಡುವಿನ ಗೋಡೆ ತೆಗೆಸಿದ ಮೇಲೆ, ಎದುರು ಗೋಡೆಗೆ ಎಪ್ಪತ್ತೈದು ಇಂಚಿನ ಟೀವಿ ಹಾಕಬೇಕೆಂದು ಅವನ ತಲೆಗೆ ಹೊಕ್ಕಿತು. ಅಲ್ಲಿಂದ ಮನೆಯವರ ಗ್ರಹಚಾರ ಕೆಟ್ಟಿತು. ಊಟಕ್ಕೆ ಕೂತರೆ ಓಎಲ್ಇಡಿ, ಕಾಫಿಗೆ ಕೂತರೆ ಕ್ಯೂಎಲ್ಇಡಿ, ಮಲಗುವಾಗ ಮಿನಿ ಎಲ್ಇಡಿ. ಯೂಟ್ಯೂಬಿನಲ್ಲಿ ಒಬ್ಬ ಒಂದನ್ನು ಹೊಗಳಿದರೆ ಇನ್ನೊಬ್ಬ ಅದನ್ನೇ ತೆಗಳುತ್ತಿದ್ದ, ಇವನು ಇಬ್ಬರನ್ನೂ ನಂಬುತ್ತಿದ್ದ.

ಓಎಲ್ಇಡಿಯಲ್ಲಿ ಒಂದೊಂದು ಚುಕ್ಕಿಯೂ ತಾನೇ ಉರಿಯುತ್ತದೆ, ತಾನೇ ಆರುತ್ತದೆ, ಅದಕ್ಕೇ ಕಪ್ಪು ಎಂದರೆ ಅಪ್ಪಟ ಕಪ್ಪು ಎಂದು ಅವನು ವಿವರಿಸಿದ. ಉಳಿದೆರಡರಲ್ಲಿ ಪರದೆಯ ಹಿಂದೆ ಬೇರೆ ದೀಪ ಇರುತ್ತದೆ. ಬೆಳಕು ಜಾಸ್ತಿ, ಆದರೆ ಕಪ್ಪಿನಲ್ಲಿ ಸ್ವಲ್ಪ ಬೂದು ಸೋರುತ್ತದೆ. ಮಿನಿ ಎಲ್ಇಡಿಯಲ್ಲಿ ಆ ದೀಪಗಳು ಸಣ್ಣವು, ಸಾವಿರಗಟ್ಟಲೆ, ಆದ್ದರಿಂದ ಸೋರುವುದು ಕಡಿಮೆ. ಅವನ ಸ್ನೇಹಿತ ಚಿದಂಬರ ಬಂದು, ನಿಮ್ಮನೇಲಿ ದಿನವಿಡೀ ನ್ಯೂಸ್ ಚಾನೆಲ್ ಓಡತ್ತೆ, ಓಎಲ್ಇಡಿ ತಂದರೆ ಚಾನೆಲ್ಲಿನ ಗುರುತು ಪರದೆ ಮೇಲೆ ಅಚ್ಚಾಗಿ ಕೂರುತ್ತದೆ ಎಂದು ಹೆದರಿಸಿ, ಎರಡು ಕಪ್ ಕಾಫಿ ಕುಡಿದು ಹೋದ. ಮಗಳು ಮಾನ್ಯ ಯಾವುದಾದರೂ ಸರಿ, ಪರೀಕ್ಷೆ ಮುಗಿಯುವುದರೊಳಗೆ ಬರಲಿ ಎಂದಳು. ಚೈತನ್ಯಾ ಯಾವುದನ್ನೂ ತರದಿದ್ದರೂ ಸರಿ, ಈ ಮಾತು ನಿಲ್ಲಲಿ ಎಂದಳು.

ಕೊನೆಗೆ ಅವನಿಗೆ ಹೊಳೆಯಿತು: ಬಣ್ಣ ನೋಡುವುದಕ್ಕೆ ಬೆಂಗಳೂರಿನಲ್ಲಿ ಅಮ್ಮನಿಗಿಂತ ಬೇಕೇ?

ಸರ್ವಮಂಗಳಮ್ಮ ಮಂಡಿನೋವು ಎಂದರು. ಭಾನುವಾರ ಪೂಜೆ ಜಾಸ್ತಿ ಎಂದರು. ಟೀವಿ ಬಟ್ಟೆಯಲ್ಲವಪ್ಪಾ ಎಂದೂ ಹೇಳಿ ನೋಡಿದರು. ಮಗ ಕಾರನ್ನು ಬಾಗಿಲಿಗೇ ತಂದು ನಿಲ್ಲಿಸಿದ. ಇನ್ನೂ ಬೇಡವೆಂದರೆ ಯಾಕೆ ಎಂಬ ಪ್ರಶ್ನೆ ಏಳುತ್ತದೆ. ಸೀರೆ ಬದಲಾಯಿಸಿ ಹೊರಟರು.

ಗಾಂಧಿ ಬಜಾರಿನಾಚೆಯ ದೊಡ್ಡ ಶೋರೂಮು. ಮೊದಲ ಮಹಡಿಯಲ್ಲಿ ಒಂದೇ ಅಳತೆಯ ಮೂರು ಟೀವಿಗಳನ್ನು ಸಾಲಾಗಿ ಗೋಡೆಗೆ ಹಾಕಿದ್ದರು. ಮಂಜುನಾಥ್ ಎಂಬ ಸೇಲ್ಸ್‌ನವನು ಮೂರರಲ್ಲೂ ಒಂದೇ ವಿಡಿಯೋ ಹಾಕಿದ. ಗಿಳಿಗಳು. ಟೀವಿ ಮಾರುವವರಿಗೆ ಗಿಳಿಗಳ ಮೇಲೆ ಯಾಕಷ್ಟು ಪ್ರೀತಿಯೋ, ಅವರನ್ನೇ ಕೇಳಬೇಕು. ಸರ್ವಮಂಗಳಮ್ಮನಿಗೆ ಮೂರೂ ಚೆನ್ನಾಗಿಯೇ ಕಂಡವು. ದಿಟ್ಟಿಸಿದ ಕಡೆ ಮಾತ್ರ ಒಂದು ಮಂಕು. ಓರೆಗಣ್ಣಿಗೆ ಬೀಳುವ ಗಿಳಿ ಹಸಿರು, ನೇರ ನೋಡಿದ ಗಿಳಿ ಬೂದು. ಅವರು ಅಂಗಡಿಯ ಹೊಸ ಪಟ್ಟನ್ನೇ ತೆಗೆದರು. ನಿಮಗೆ ಯಾವುದು ಸರಿ ಅನ್ನಿಸುತ್ತದೆ ಎಂದು ಮಂಜುನಾಥನನ್ನು ಕೇಳಿದರು. ನಮ್ಮಲ್ಲಿ ಮೂರೂ ಬೆಸ್ಟು, ನಿಮ್ಮ ಇಷ್ಟ ಎಂದ ಅವನು. ಮಗನನ್ನು ಕೇಳಿದರು. ನಾನು ಏನೂ ಹೇಳುವುದಿಲ್ಲ, ಹೇಳಿದರೆ ನಿನ್ನ ಮನಸ್ಸು ಆ ಕಡೆ ವಾಲುತ್ತದೆ ಎಂದು ಅವನು ಕೈ ಕಟ್ಟಿಕೊಂಡು ನಿಂತ. ನೋಡಿಕೊಂಡು ಹೇಳೋಣವೆಂದರೆ ಇಲ್ಲಿ ಯಾರ ಕೈಯೂ ಯಾವುದರ ಮೇಲೂ ನಿಲ್ಲಲಿಲ್ಲ.

ಆಗ ಮಂಜುನಾಥ್, ಅಸಲಿ ಪರೀಕ್ಷೆ ಈಗ ನೋಡಿ ಎಂದು ಕೋಣೆಯ ದೀಪಗಳನ್ನೆಲ್ಲ ಆರಿಸಿ ಬೇರೊಂದು ವಿಡಿಯೋ ಹಾಕಿದ. ಎಡಗಡೆಯ ಪರದೆಯಲ್ಲಿ ಬೂದು ಬೆಳಕು ಹರಡಿತು. ನಡುವಿನದರಲ್ಲಿ ಅಲ್ಲಲ್ಲಿ ಮಸುಕು ಹೊಳಪು. ಬಲಗಡೆಯದು ಕಪ್ಪಗೆ ಹಾಗೇ ಇತ್ತು. ಸರ್ವಮಂಗಳಮ್ಮ ಸ್ವಲ್ಪ ಹೊತ್ತು ಕಾದರು. ಅದು ಹತ್ತಲಿಲ್ಲ. ಇದೊಂದು ಮಾತಾದರೂ ಧೈರ್ಯವಾಗಿ ಆಡಬಹುದು ಎಂದುಕೊಂಡು ಆಡಿಯೇಬಿಟ್ಟರು.

"ಆ ಕಡೆದು ಆಫ್ ಆಗಿದ್ಯಲ್ಲಪ್ಪ, ಅದನ್ನೂ ಹಾಕು."

ಮಂಜುನಾಥ್ ಚಪ್ಪಾಳೆ ತಟ್ಟಿದ. ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲವಂತೆ. ಅದು ಓಎಲ್ಇಡಿ, ಆರಿದೆಯೇನೋ ಅನ್ನುವಷ್ಟು ಕಪ್ಪು, ಆ ಕಪ್ಪಿನ ಮೇಲೆ ನಕ್ಷತ್ರಗಳು ಸಾಸಿವೆ ಚೆಲ್ಲಿದ ಹಾಗೆ ಎಷ್ಟು ಸ್ಪಷ್ಟ ನೋಡಿ ಎಂದು ತೋರಿಸಿದ. ನಾಗಭೂಷಣ್‌ನ ಮುಖ ಅರಳಿತು. ಮೂರು ತಿಂಗಳ ಯೂಟ್ಯೂಬು ಹೇಳಲಾಗದ್ದನ್ನು ಅಮ್ಮ ಒಂದೇ ಮಾತಲ್ಲಿ ಹೇಳಿದ್ದಳು. ಇದೇ ಪ್ಯಾಕ್ ಮಾಡಿ ಎಂದವನೇ ಬಿಲ್ಲಿನ ಕೌಂಟರಿಗೆ ಇಳಿದು ಹೋದ.

ಸರ್ವಮಂಗಳಮ್ಮ ಬಲಗಡೆಯ ಪರದೆಯ ಹತ್ತಿರ ಹೋದರು. ಮೊಳದ ದೂರದಲ್ಲಿ ನಿಂತು, ತಲೆ ಓರೆ ಮಾಡಿ ನೋಡಿದರು. ಒಂದು ನಕ್ಷತ್ರವೂ ಕಾಣಲಿಲ್ಲ.

ಕೆಳಗೆ ನಾಗಭೂಷಣ್ ಚಿದಂಬರನಿಗೆ ಫೋನು ಹಚ್ಚಿದ್ದ. ಆಫ್ ಆಗಿದೆ ಅಂದ್ಬಿಟ್ರು ಕಣೋ ನಮ್ಮಮ್ಮ ಎಂದು ಹೇಳಿ ಹೇಳಿ ನಗುತ್ತಿದ್ದ. ಸರ್ವಮಂಗಳಮ್ಮ ಸುಮ್ಮನಿದ್ದುಬಿಟ್ಟಿದ್ದರೆ ಆಗುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಇನ್ನು ಮೇಲೆ ಅವರ ಕಣ್ಣಿನ ಕೀರ್ತಿ ಕುಮಾರ ಪಾರ್ಕಿನ ನೆಂಟರವರೆಗೂ ಹರಡುತ್ತಿತ್ತು. ಮೆಟ್ಟಿಲಿಳಿಯುವಾಗ ಸರ್ವಮಂಗಳಮ್ಮನಿಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. ಗಿರಾಕಿಯ ಕೈ ನೋಡಿ ಬಟ್ಟೆ ಕೊಟ್ಟದ್ದಕ್ಕೆ ಅವರು ಹೇಗೋ ಸಮಾಧಾನ ಮಾಡಿಕೊಂಡಿದ್ದರು, ಆರಿಸಿದ್ದು ಗಿರಾಕಿಯೇ ತಾನೇ ಎಂದು. ಇಲ್ಲಿ ಆರಿಸಿದ್ದು ತಾವು. ತಪ್ಪು ಬಣ್ಣ ಎಂದು ಗೊತ್ತಿದ್ದೂ ಬಟ್ಟೆ ಕತ್ತರಿಸಿ ಕೊಟ್ಟ ಹಾಗಾಗುತ್ತಿತ್ತು. ಅದು ಅವರಿಂದಾಗದು.

"ನಾಗು, ಕಾರ್ಡ್ ಕೊಡ್ಬೇಡ. ಅದು ನಿಜವಾಗ್ಲೂ ಆಫ್ ಆಗಿದೆ ಅಂತಾನೇ ಅಂದ್ಕೊಂಡೆ ಕಣೋ. ನಕ್ಷತ್ರ ನಂಗೆ ಒಂದೂ ಕಾಣಿಸ್ಲಿಲ್ಲ."

ಅವನು ಮೊದಲು ನಕ್ಕ. ಅಮ್ಮನ ಮುಖ ನೋಡಿ ನಗು ನಿಲ್ಲಿಸಿದ. ಡಾಕ್ಟರು ಹೇಳಿದ್ದನ್ನು ಅವರು ಅಲ್ಲೇ ನಿಂತು ಮೂರು ಮಾತಲ್ಲಿ ಹೇಳಿ ಮುಗಿಸಿದರು. ಬಿಲ್ ಹಾಕುವ ಹುಡುಗಿ ಬೇರೆ ಕಡೆ ತಿರುಗಿಕೊಂಡಳು.

"ಅಂಗಡೀಲಿ?" ಎಂದ ನಾಗಭೂಷಣ್.

ಮಗ ಮೊದಲು ಕೇಳಿದ ಪ್ರಶ್ನೆ ಇದು. ಕಣ್ಣು ನೋಯುತ್ತದೆಯಾ, ಒಬ್ಬಳೇ ಯಾಕೆ ಹೋದೆ, ಅದೆಲ್ಲ ಆಮೇಲೆ ಬಂತು, ಕಾರಿನಲ್ಲಿ, ಕಣ್ಣಲ್ಲಿ ನೀರು ತುಂಬಿಕೊಂಡು. ಆದರೆ ಮೊದಲು ಬಂದದ್ದು ಅಂಗಡಿ. ವ್ಯಾಪಾರದ ಮನೆಯಲ್ಲಿ ಹುಟ್ಟಿ ಬೆಳೆದವನು, ಅವನನ್ನು ಬೈದು ಫಲವಿಲ್ಲ. ಅವನ ಜಾಗದಲ್ಲಿದ್ದರೆ ತಾನೂ ಅದನ್ನೇ ಕೇಳುತ್ತಿದ್ದೆ ಎಂದು ಸರ್ವಮಂಗಳಮ್ಮನಿಗೆ ಗೊತ್ತಿತ್ತು. ಹಾಗಿದ್ದೂ ಆ ಒಂದು ಮಾತು ನಾಟಿತು.

"ಅಂಗಡೀಲೂ ಅಷ್ಟೇ" ಎಂದರು.

ನಾಗಭೂಷಣ್ ಮತ್ತೆ ಮೇಲೆ ಹೋಗಿ, ಮೂರರಲ್ಲಿ ಬೆಳಕು ಜಾಸ್ತಿ ಯಾವುದು ಎಂದು ಕೇಳಿ, ನಡುವಿನ ಮಿನಿ ಎಲ್ಇಡಿಯನ್ನು ಬರೆಸಿ ಬಂದ. ತನಗಾಗಿ ಎಲ್ಲರೂ ಕಡಿಮೆಯದನ್ನು ನೋಡುವುದು ಬೇಡ ಎಂದು ಅವರು ಜಗಳವಾಡಿದರು. ನಮ್ಮ ಹಾಲಿಗೆ ಸಂಜೆ ಬಿಸಿಲು ಹೊಡೆಯುತ್ತದೆ, ಅದಕ್ಕೆ ಇದೇ ಸರಿ ಎಂದು ಅವನು ವಾದಿಸಿದ. ಬಿಸಿಲು ಹೊಡೆಯುವುದು ನಿಜವೇ ಆಗಿತ್ತು.

ಟೀವಿ ಅದೇ ಸಂಜೆ ಬಂತು, ಗೋಡೆಗೇರಿತು. ದೊಡ್ಡದಾಗಿ ಬಂದ ಮುಖಗಳು ಸರ್ವಮಂಗಳಮ್ಮನಿಗೆ ಚೆನ್ನಾಗಿ ಕಂಡವು; ಅದರಿಂದ ಅವರಿಗೆ ಸಂತೋಷವೇ ಆಯಿತು, ಮುಚ್ಚಿಡಲಿಲ್ಲ. ಆದರೆ ಮನೆಯವರ ಕೈಗಳೆಲ್ಲ ಇದ್ದಕ್ಕಿದ್ದಂತೆ ಮೆತ್ತಗಾದವು. ಚೈತನ್ಯಾ ಕಾಫಿ ಲೋಟವನ್ನು ಟೀಪಾಯಿಯ ಮೇಲಿಡದೆ ಅತ್ತೆಯ ಕೈಗೇ ಕೊಡತೊಡಗಿದಳು. ಮಾನ್ಯ ಪರದೆಯಲ್ಲಿ ಯಾರು ಬಂದರೂ ಅಜ್ಜಿಗೆ ಹೆಸರು ಹೇಳುತ್ತಿದ್ದಳು. ಕಾಣುತ್ತೆ ಸುಮ್ಮನಿರೇ ಎಂದು ಒಂದು ಸಲ ಗದರಿದರು, ಎರಡನೆಯ ಸಲ ಗದರಲಿಲ್ಲ.

ಸೋಮವಾರ ಅವರು ಎಂದಿನಂತೆ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತರು. ಬೇಡ ಎಂದು ಯಾರೂ ಅನ್ನಲಿಲ್ಲ. ಮಧ್ಯಾಹ್ನ ಶೇಷಾದ್ರಿಪುರಂನಿಂದ ಸುಬ್ಬಮ್ಮ ಬಂದರು, ಆಗ ಮಗಳ ಮದುವೆಗೆಂದು ಬಂದು, ಈಗ ಮೊಮ್ಮಗಳ ಮದುವೆಗೆಂದು ಬರುವಷ್ಟು ಹಳೆಯ ಗಿರಾಕಿ. ರೇಷ್ಮೆ ಸೀರೆಯನ್ನು ಸರ್ವಮಂಗಳಮ್ಮನ ಮುಂದೆ ಬಿಚ್ಚಿದರು. ಅವರು ಅಂಚಿಗೆ ಬೆರಳಿಟ್ಟರು. ಅಷ್ಟರಲ್ಲಿ ಗಲ್ಲಾದಿಂದ ಎದ್ದು ಬಂದ ನಾಗಭೂಷಣ್, ಕೊಡಮ್ಮ ನಾನು ನೋಡ್ತೀನಿ ಎಂದು ಬಹಳ ಮೃದುವಾಗಿ ಸೀರೆಯನ್ನು ತನ್ನ ಕಡೆ ಎಳೆದುಕೊಂಡ. ಸರ್ವಮಂಗಳಮ್ಮ ಬೆರಳು ತೆಗೆದರು.

ಅವನು ಸೀರೆಯನ್ನು ಬಾಗಿಲ ಬೆಳಕಿಗೆ ಒಯ್ದ. ವಾಪಸು ಬಂದು ಥಾನುಗಳ ಮುಂದೆ ಬಹಳ ಹೊತ್ತು ನಿಂತ. ಒಂದನ್ನು ಎಳೆದು, ಒಳಗೆ ತಳ್ಳಿ, ಮತ್ತೊಂದನ್ನು ತೆಗೆದು, ಅಳೆದು ಕತ್ತರಿಸಿದ. ಸುಬ್ಬಮ್ಮ ಆ ತುಂಡನ್ನು ಸೀರೆಯ ಮೇಲಿಟ್ಟುಕೊಂಡು ನೋಡಿ, ಅವನನ್ನು ಬಿಟ್ಟು ಸ್ಟೂಲಿನ ಕಡೆ ತಿರುಗಿದರು.

"ಸರಿಯಾಗಿದ್ಯಾ ಮಂಗಳಮ್ಮಾ?"

ಸರ್ವಮಂಗಳಮ್ಮ ಬಗ್ಗಿ ನೋಡಿದರು. ಸೀರೆಯೂ ತುಂಡೂ ಒಂದೇ ಮಂಕಿನಲ್ಲಿ ಸೇರಿಹೋಗಿದ್ದವು. ಹೌದು ಎನ್ನಬಹುದಿತ್ತು, ಹಾಗೆ ಅಂದಿದ್ದರೆ ಸುಬ್ಬಮ್ಮ ಎರಡನೆಯ ಮಾತಿಲ್ಲದೆ ಹೋಗುತ್ತಿದ್ದರು. ನಾಗಭೂಷಣ್ ಕತ್ತರಿ ಕೈಯಲ್ಲೇ ಹಿಡಿದು ಅಮ್ಮನ ಬಾಯಿಯನ್ನೇ ನೋಡುತ್ತಿದ್ದ.

"ನನ್ ಕಣ್ಣು ಹೋಯ್ತು ಸುಬ್ಬಮ್ಮ. ನನ್ ಮಗ ನೋಡಿದಾನೆ, ತಗೊಂಡ್ಹೋಗಿ."

ಸುಬ್ಬಮ್ಮ ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡರು. ಅದು ಸರಿಯಾದ ಬಣ್ಣವೋ ಅಲ್ಲವೋ ಸರ್ವಮಂಗಳಮ್ಮನಿಗೆ ಕೊನೆಗೂ ಗೊತ್ತಾಗಲಿಲ್ಲ.