ತಂತಿ ಕಟ್ಟಿದ ದವಡೆ

ಯಲಬುರ್ಗಾದಿಂದ ಕೊಪ್ಪಳಕ್ಕೆ ಹೋಗುವ ಬಸ್ಸಿನಲ್ಲಿ ನಾನು ಕಂಡಕ್ಟರ್. ಆ ದಿನ ಕುಕನೂರು ದಾಟಿದ ಮೇಲೆ ಕುರಿಹಿಂಡೊಂದು ರಸ್ತೆಗೆ ನುಗ್ಗಿತು. ಡ್ರೈವರ್ ಬ್ರೇಕ್ ಒತ್ತಿದರು. ಟಿಕೆಟ್ ಕೊಡುತ್ತ ನಿಂತಿದ್ದ ನಾನು ಸೀಟಿನ ಕಬ್ಬಿಣದ ಸರಳಿಗೆ ಗದ್ದ ಬಡಿದುಕೊಂಡು ಬಿದ್ದೆ. ನೋವಿಗಿಂತ ಮೊದಲು ತಿಳಿದದ್ದು, ಹಲ್ಲಿಗೆ ಹಲ್ಲು ಕೂಡುತ್ತಿಲ್ಲ ಎಂಬುದು. ಕೆಳಗಿನ ಸಾಲು ಬೇರೆ ಯಾರದೋ ಬಾಯಿಯದು ಎಂಬಂತೆ ಒಂದು ಕಡೆಗೆ ಸರಿದಿತ್ತು.

ಡ್ಯೂಟಿಗೆ ಹೊರಟಿದ್ದ ನರ್ಸ್ ಒಬ್ಬರು ಹಿಂದಿನಿಂದ ಎದ್ದು ಬಂದು ನನ್ನನ್ನು ಕೂರಿಸಿದರು.

"ರಕ್ತ ನುಂಗಬ್ಯಾಡ್ರಿ ತಂಗಿ, ಮುಂದಕ್ಕ ಬಗ್ಗಿ ಉಗುಳ್ರಿ. ಯಾರ ಹತ್ರರ ಉದ್ದನ್ನ ಅರಿವಿ ಐತೇನ್ರಿ?"

ಮುಂದಿನ ಸೀಟಿನ ಮುದುಕರೊಬ್ಬರು ತಮ್ಮ ತಲೆಯ ರುಮಾಲು ಬಿಚ್ಚಿ ಕೊಟ್ಟರು. ನರ್ಸ್ ಅದನ್ನು ಸೀಳಿ, ಗದ್ದದ ಕೆಳಗಿನಿಂದ ನೆತ್ತಿಗೆ ಒಂದು ಸುತ್ತು, ಗದ್ದದ ಮುಂದಿನಿಂದ ಕತ್ತಿನ ಹಿಂದಿನ ಹೆಡಕಿಗೆ ಒಂದು ಸುತ್ತು ಕಟ್ಟಿದರು. ಜೋಲುತ್ತಿದ್ದ ದವಡೆ ಒಂದು ಕಡೆ ನಿಂತಿತು. ನೋವೂ ಅರ್ಧಕ್ಕೆ ಇಳಿಯಿತು. ಬಸ್ಸು ನೇರ ಕೊಪ್ಪಳದ ಆಸ್ಪತ್ರೆಗೇ ಹೋಯಿತು. ಭಾನಾಪುರದಲ್ಲಿ ಇಳಿಯಬೇಕಾದವರೂ ನಿಲ್ಲಿಸು ಎನ್ನಲಿಲ್ಲ.

ದವಡೆ ಎರಡು ಕಡೆ ಮುರಿದಿತ್ತು. ಮೇಲಿನ ಹಲ್ಲುಗಳಿಗೊಂದು, ಕೆಳಗಿನ ಹಲ್ಲುಗಳಿಗೊಂದು ತೆಳುವಾದ ಲೋಹದ ಪಟ್ಟಿ ಕೂರಿಸಿ, ಎರಡನ್ನೂ ತಂತಿಯಿಂದ ಹೆಣೆದು ಬಾಯಿ ಮುಚ್ಚಿದರು. ಎಲುಬು ಕೂಡುವವರೆಗೆ ಹಾಗೆಯೇ ಇರಬೇಕಿತ್ತು. ಮನೆಗೆ ಕಳಿಸುವ ದಿನ ಡಾಕ್ಟರು ನನ್ನ ಗಂಡನ ಕೈಗೆ ಒಂದು ಸಣ್ಣ ಇಕ್ಕಳ ಕೊಟ್ಟರು.

"ವಾಂತಿ ಬಂದ್ರ ಮುಂದಕ್ಕ ಬಗ್ಗಸ್ರಿ, ಹಲ್ಲಿನ ಸಂದಿಯಿಂದ ಹೊರಗ ಹರದು ಹೋಗತೈತಿ. ಉಸಿರು ಸಿಕ್ಕೊಂಡ್ರ ಮಾತ್ರ ಮ್ಯಾಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ಕಟ್ಟಿದ ಈ ತಂತಿಗೋಳನ್ನ ಕತ್ತರಸ್ರಿ. ಹೆದರಬಾರ್ದು."

ನನ್ನ ಗಂಡ ಟ್ರ್ಯಾಕ್ಟರ್ ಓಡಿಸುವವರು, ಎಂಥ ನಟ್ಟನ್ನೂ ಬಿಚ್ಚುವವರು. ನನ್ನ ತುಟಿ ಎತ್ತಿ ತಂತಿ ನೋಡಿದ್ದೇ ಇಕ್ಕಳ ಮೇಜಿನ ಮೇಲಿಟ್ಟು ಹೊರಗೆ ಹೋದರು. ಅದನ್ನು ಎತ್ತಿಕೊಂಡವರು ಅತ್ತೆ. ಡಾಕ್ಟರ ಬಾಯನ್ನೇ ನೋಡುತ್ತ, "ಇನ್ನೊಮ್ಮೆ ತೋರಸ್ರಿ" ಎಂದರು.

ಅತ್ತೆಗೆ ಕಿವಿ ಕೇಳುವುದಿಲ್ಲ. ಡಾಕ್ಟರು ಅದನ್ನು ತಿಳಿದು ನನ್ನತ್ತ ಅನುಮಾನದಿಂದ ನೋಡಿದರು. ಅತ್ತೆ ಆ ನೋಟವನ್ನೂ ಓದಿದರು.

"ಕೇಳಂಗಿಲ್ರಿ, ಖರೆ. ನಾ ಆಕಿ ಬಾಜೂಕ ಮಲಗತೀನಿ."

ನಮ್ಮಿಬ್ಬರ ನಡುವೆ ಜಗಳವೇನೂ ಇರಲಿಲ್ಲ, ಮಾತೂ ಇರಲಿಲ್ಲ. ದಿನವಿಡೀ ಬಸ್ಸಿನಲ್ಲಿ ಕೂಗಿ ಬರುವ ನನಗೆ ಮನೆಯಲ್ಲಿ ಬಾಯಿ ತೆರೆಯುವ ತ್ರಾಣ ಉಳಿಯುತ್ತಿರಲಿಲ್ಲ. ಊಟ ಆಯಿತೇ, ಹೋಗಿ ಬರುತ್ತೇನೆ, ಇಷ್ಟಕ್ಕೆ ಕೈಸನ್ನೆ ಸಾಕಾಗಿತ್ತು. ಉಳಿದದ್ದನ್ನು ಅವರು ತುಟಿ ನೋಡಿ ತಿಳಿಯುತ್ತಿದ್ದರು.

"ಬಾಯಿ ನೋಡಿ ತಿಳಕೋತಿದ್ದೆ, ಈಗ ಅದೂ ಬಂದ್ ಆತಲ್ಲವಾ" ಎಂದು ಅತ್ತೆ ನಕ್ಕರು. ನನಗೆ ನಗಲು ಬರಲಿಲ್ಲ, ಮೂಗಿನಿಂದ ಗಾಳಿ ಬಂತು. ನೋಡಲು ಬಂದ ಅಕ್ಕಪಕ್ಕದವರೆಲ್ಲ ನನಗೂ ಕಿವಿ ಹೋಗಿದೆ ಎಂಬಂತೆ ಗಟ್ಟಿಯಾಗಿ ಕೂಗಿ ಮಾತಾಡುತ್ತಿದ್ದರು. ಕೂಗದೆ ಇದ್ದವರು ಅತ್ತೆ ಒಬ್ಬರೇ.

ಜೋಳದ ಗಂಜಿ, ಬೇಳೆಯ ಕಟ್ಟು, ಮಜ್ಜಿಗೆ. ಎಲ್ಲವನ್ನೂ ಅವರು ತಮ್ಮ ಹಳೆಯ ನೂಲಿನ ಸೀರೆಯ ತುಂಡಿನಲ್ಲಿ ಸೋಸುತ್ತಿದ್ದರು. ಸಿರಿಂಜಿನ ನಳಿಕೆಯನ್ನು ಕೆನ್ನೆಯ ಒಳಗಿಟ್ಟು, ಕಡೆಯ ಹಲ್ಲಿನ ಹಿಂದಿನ ಸಂದಿಯಿಂದ ಗುಟುಕು ಗುಟುಕಾಗಿ ಬಿಡುತ್ತಿದ್ದರು. ನಾಗರ ಪಂಚಮಿ ಬಂದಾಗ ಓಣಿಯ ತುಂಬ ಉಂಡಿಯ ವಾಸನೆ. ಅತ್ತೆ ಎಳ್ಳು, ಶೇಂಗಾ, ಬೆಲ್ಲ ಎಲ್ಲ ನುಣ್ಣಗೆ ಅರೆದು ಬಿಸಿ ಹಾಲಿಗೆ ಹಾಕಿ ಸೋಸಿ ತಂದರು.

"ಉಂಡಿ ಅಂತ ತಿಳಕೊಂಡು ಕುಡಿ."

ಉಂಡಿಯೇ ಆಗಿತ್ತು ಅದು.

ಒಂದು ಮಧ್ಯಾಹ್ನ ಬರೀ ಹೊಟ್ಟೆಯಲ್ಲಿ ಗುಳಿಗೆ ಪುಡಿಮಾಡಿ ಕಲಸಿದ ನೀರು ಕುಡಿದೆ. ಸ್ವಲ್ಪ ಹೊತ್ತಿಗೆ ವಾಂತಿ ಒತ್ತಿ ಬಂತು. ಗಂಡ ಹೊಲದಲ್ಲಿದ್ದರು, ಅತ್ತೆ ಅಡುಗೆಮನೆಯಲ್ಲಿ ಬೆನ್ನು ಹಾಕಿ ಕುಳಿತಿದ್ದರು. ಕೂಗಲು ನನಗೆ ಬಾಯಿಲ್ಲ, ಕೇಳಲು ಅವರಿಗೆ ಕಿವಿಯಿಲ್ಲ. ತಾಮ್ರದ ತಂಬಿಗೆಯನ್ನು ಅವರ ಕಡೆಗೆ ಉರುಳಿಸಿದೆ. ಅದು ಕಾಲಿಗೆ ತಾಕಿದ್ದೇ ತಿರುಗಿ ನೋಡಿ, ಓಡಿ ಬಂದರು. ಒಂದು ಕೈಯಿಂದ ನನ್ನ ಹೆಡಕು ಹಿಡಿದು ಮುಂದಕ್ಕೆ ಬಗ್ಗಿಸಿದರು. ಇನ್ನೊಂದು ಕೈ ಸೊಂಟದ ಚೀಲದಿಂದ ಇಕ್ಕಳ ತೆಗೆಯಿತು. ಹಲ್ಲಿನ ಸಂದಿಯಿಂದ, ಮೂಗಿನಿಂದ ಎಲ್ಲ ಒಟ್ಟಿಗೆ ಬರುತ್ತಿತ್ತು, ಉಸಿರು ಸಿಕ್ಕಿಕೊಂಡಿತು. ಇಕ್ಕಳದ ತಣ್ಣನೆಯ ತುದಿ ತಂತಿಗೆ ತಾಗಿತು. ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. ಕತ್ತರಿಸಲೇ? ಅಷ್ಟರಲ್ಲಿ ಒಂದೆಳೆ ಗಾಳಿ ಒಳಗೆ ಬಂತು. ನಾನು ಕೈ ಎತ್ತಿ ತಡೆದೆ. ಅವರು ಒತ್ತಲಿಲ್ಲ. ಇನ್ನೊಂದು ಉಸಿರು ಬಂತು, ಮತ್ತೊಂದು ಬಂತು.

ನನ್ನ ಮುಖ ತೊಳೆದು, ನೆಲ ಒರೆಸಿ, ಆಮೇಲೆ ಗೋಡೆಗೆ ಒರಗಿ ಅತ್ತೆ ಅತ್ತರು. ಅವರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು.

"ಬಾಣಂತಿ ಇದ್ದಾಗ ಜ್ವರ ಬಂದು ಕಿವಿ ಹೋದ್ವು" ಎಂದರು. "ಕೂಸು ಅತ್ರ ಕೇಳಂಗಿಲ್ಲ. ಅದಕ್ಕ ನಿನ್ನ ಗಂಡನ ಹೊಟ್ಟಿ ಮ್ಯಾಲೆ ಕೈ ಇಟ್ಕೊಂಡು ಮಲಗತಿದ್ದೆ. ಹೊಟ್ಟಿ ಜಿಗಿದ್ರ ಅಳಾಕತ್ತಾನ ಅಂತ ಎದ್ದು ಕೂಡತಿದ್ದೆ."

ಆಸ್ಪತ್ರೆಯಿಂದ ಬಂದಂದಿನಿಂದ ಅವರು ನನ್ನ ಪಕ್ಕೆಯ ಮೇಲೆ ಕೈಯಿಟ್ಟೇ ಮಲಗುತ್ತಿದ್ದರು. ಸೆಕೆ ಎಂದು ನಾನು ಒಮ್ಮೊಮ್ಮೆ ಸರಿದರೂ ಆ ಕೈ ಹುಡುಕಿಕೊಂಡು ಬರುತ್ತಿತ್ತು. ಆ ದಿನದ ಮೇಲೆ ನಾನು ಸರಿಯಲಿಲ್ಲ.

ಎಲುಬು ನೆಟ್ಟಗೆ ಕೂಡಿತು. ತಂತಿ ಬಿಚ್ಚಿದಾಗ ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಹಲ್ಲಿನ ನಡುವೆ ಇಟ್ಟು ದಿನಕ್ಕಿಷ್ಟು ಅಗಲಿಸಬೇಕಿತ್ತು. ಅತ್ತೆ ಎದುರಿಗೆ ಕುಳಿತು ತಾವೂ ಬಾಯಿ ಅಗಲಿಸುತ್ತಿದ್ದರು. ಡ್ಯೂಟಿಗೆ ಮರಳುವ ಮುಂಚಿನ ಒಂದು ಸಂಜೆ ಹಾಗೆಯೇ ಕುಳಿತಿದ್ದಾಗ ಕೇಳಿದರು:

"ಒಂದ್ ಮಾತು ಕೇಳತೀನಿ, ನಗಬ್ಯಾಡ. ನನ್ನ ಮಗನ ಧ್ವನಿ ಹೆಂಗೈತಿ? ಕೂಸಿದ್ದಾಗ ಅತ್ತಿದ್ದಷ್ಟ ಕೇಳೀನಿ ನೋಡು, ಅದೂ ನಾಕ್ ದಿನ."

ಇಷ್ಟು ವರ್ಷ ಅವರು ಅದನ್ನು ಯಾರನ್ನೂ ಕೇಳಿರಲಿಲ್ಲವೋ, ಯಾರೂ ಹೇಳಿರಲಿಲ್ಲವೋ. ನಾನು ಬಿಗಿದ ಬಾಯಿಯನ್ನು ಆದಷ್ಟು ತೆರೆದು, ನಿಧಾನವಾಗಿ ಹೇಳಿದೆ.

"ನಿಮ್ಮ ಧ್ವನಿಯಂಗ ಐತ್ರಿ. ಸ್ವಲ್ಪ ಒಡದೈತಿ. ಸಿಟ್ಟು ಬಂದಾಗ ಸಣ್ಣಗ ಆಗತೈತಿ."

ತುಟಿ ಸರಿಯಾಗಿ ತಿರುಗದ್ದರಿಂದ ಅವರಿಗೆ ತಿಳಿಯಲಿಲ್ಲ. ಮತ್ತೊಮ್ಮೆ ಹೇಳಿಸಿದರು. ಆಮೇಲೆ "ನನ್ನಂಗ?" ಎಂದು ಎದ್ದು ಬಾಗಿಲಿಗೆ ಹೋದರು. ಅಂಗಳದಲ್ಲಿ ಅವರ ಮಗ ಟ್ರ್ಯಾಕ್ಟರ್ ತೊಳೆಯುತ್ತ ಯಾರೊಂದಿಗೋ ಫೋನಿನಲ್ಲಿ ಜಗಳವಾಡುತ್ತಿದ್ದರು. ಅತ್ತೆ ಚೌಕಟ್ಟಿಗೆ ಕೈಯೊತ್ತಿ, ಮಗನ ಬಾಯನ್ನೇ ನೋಡುತ್ತ ಬಹಳ ಹೊತ್ತು ನಿಂತರು.