ಕಟಕೋಳದ ಮನೆಯ ಒಂದು ಕಂಪ್ಯೂಟರ್, ಎರಡು ಆಟ

2025ರ ನವೆಂಬರ್. ಸವದತ್ತಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾನು ಕಂಪ್ಯೂಟರ್ ದುರಸ್ತಿ ಅಂಗಡಿ ಇಟ್ಟು ಆಗಲೇ ಹದಿನೇಳು ವರ್ಷವಾಗಿತ್ತು. ಆ ತಿಂಗಳು ಅಂಗಡಿಯ ಮೆಟ್ಟಿಲು ಹತ್ತಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದರು. ಅಕ್ಟೋಬರ್ ಮಧ್ಯದಲ್ಲಿ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ ಮುಗಿದಿತ್ತು. ಹಾಗೆಂದು ಯಂತ್ರವೇನೂ ಕೆಡುವುದಿಲ್ಲ, ಮರುದಿನವೂ ಎಂದಿನಂತೆ ಚಾಲೂ ಆಗುತ್ತದೆ. ಆದರೆ ಕಳ್ಳರು ಒಳನುಗ್ಗಬಲ್ಲ ಹೊಸ ಕಿಂಡಿಗಳು ಪತ್ತೆಯಾದಾಗ ಅವನ್ನು ಮುಚ್ಚುವ ಅಪ್‌ಡೇಟ್ ಇನ್ನು ತಾನಾಗಿ ಬರುವುದಿಲ್ಲ. ಬರೀ ಪತ್ರ ಟೈಪ್ ಮಾಡುವ, ಬಿಲ್ ತೆಗೆಯುವ ಯಂತ್ರಗಳಿಗೆ ನನ್ನ ಬಳಿ ಸಿದ್ಧ ಉತ್ತರವಿತ್ತು. ಉತ್ತರ ಸಿಗದೆ ನನ್ನನ್ನು ಎರಡು ವಾರ ಕಾಡಿದ್ದು ಕಟಕೋಳದ ಒಂದು ಮನೆಯ ಗೇಮಿಂಗ್ ಕಂಪ್ಯೂಟರ್.

ಅದನ್ನು ಜೋಡಿಸಿ ಕೊಟ್ಟವಳು ನಾನೇ. 2020ರಲ್ಲಿ ರೇಣುಕಾ ಎಂಬ ನರ್ಸ್ ತನ್ನ ದುಡಿಮೆಯಿಂದ ಮಾಡಿಸಿಕೊಂಡಿದ್ದಳು. ರಾಮದುರ್ಗದ ಆಸ್ಪತ್ರೆಯಲ್ಲಿ ಕೆಲಸ, ಕಟಕೋಳದಿಂದ ದಿನಾ ಬಸ್ಸಿನ ಓಡಾಟ. ಅವಳ ತಂದೆ ಫಕೀರಪ್ಪನವರು ಸಾರಿಗೆ ಬಸ್ಸಿನ ಡ್ರೈವರ್ ಆಗಿದ್ದವರು. ಹೃದಯದ ಆಪರೇಶನ್ ಆದ ಮೇಲೆ ನಿವೃತ್ತಿಯವರೆಗೂ ಅವರನ್ನು ಡಿಪೋದ ಒಳಗಿನ ಕೆಲಸಕ್ಕೆ ಹಾಕಿದ್ದರು. ಮನೆಗೆ ಬಂದು ಕುಳಿತ ಮನುಷ್ಯ ಮಾತು ಕಡಿಮೆ ಮಾಡಿದ್ದನ್ನು ಕಂಡ ಮಗಳು ಎರಡು ವರ್ಷದ ಹಿಂದೆ ಕಂಪ್ಯೂಟರಿಗೆ ಸ್ಟೇರಿಂಗ್ ಚಕ್ರ ಮತ್ತು ಪೆಡಲ್ ತಂದುಕೊಟ್ಟಳು. ಅಂದಿನಿಂದ ಅವರು ಬೆಳಗಿನ ಚಹಾ ಮುಗಿಸಿ ಬಸ್ ಓಡಿಸುವ ಆಟಕ್ಕೆ ಕೂರುತ್ತಿದ್ದರು. ಆಟದ ರಸ್ತೆಗಳು ಯಾವುದೋ ಹಿಮ ಬೀಳುವ ದೇಶದವು. ಬಸ್ಸಿನ ಹಣೆಯ ಮೇಲೆ ಮಾತ್ರ ಮಗಳು ಬರೆದು ಹಾಕಿದ 'ರಾಮದುರ್ಗ – ಸವದತ್ತಿ' ಬೋರ್ಡು.

ರೇಣುಕಾಳ ಆಟವೇ ಬೇರೆ. ನರ್ಸಿಂಗ್ ಓದುವಾಗಿನ ನಾಲ್ವರು ಗೆಳತಿಯರ ಜೊತೆ ವಾರದ ರಜೆಯ ದಿನ ಇಂಟರ್ನೆಟ್ಟಿನಲ್ಲಿ ತಂಡ ಕಟ್ಟಿ ಗುಂಡು ಹಾರಿಸುವ ಆಟ. ಒಬ್ಬಾಕೆ ಬೈಲಹೊಂಗಲದಲ್ಲಿ, ಒಬ್ಬಾಕೆ ಕಿತ್ತೂರಿನಲ್ಲಿ, ಮೂರನೆಯಾಕೆ ಮದುವೆಯಾಗಿ ಪುಣೆಯಲ್ಲಿ, ಕೊನೆಯವಳು ದುಬೈಯ ಆಸ್ಪತ್ರೆಯಲ್ಲಿ. "ಗುಂಡ ಹೊಡ್ಯೂದು ನೆವರೀ ಅಕ್ಕಾರ, ಮಾತಾಡೂದು ಖರೆ" ಎಂದು ಒಮ್ಮೆ ಹೇಳಿದ್ದಳು.

ನವೆಂಬರ್ ಮೊದಲ ವಾರ ಅವಳ ಫೋನ್ ಬಂತು. ತಾಯಿ ಶಾಂತವ್ವ ಕಂಪ್ಯೂಟರಿನಲ್ಲಿ ಯಾವುದೋ ವಿಡಿಯೋ ನೋಡುವಾಗ ಪರದೆ ಕೆಂಪಾಗಿ, 'ನಿಮ್ಮ ಕಂಪ್ಯೂಟರಿಗೆ ರಕ್ಷಣೆ ಇಲ್ಲ, ಕೂಡಲೇ ಈ ನಂಬರಿಗೆ ಫೋನ್ ಮಾಡಿ' ಎಂಬ ಎಚ್ಚರಿಕೆ ಬಂದಿತ್ತು. ಆಕೆ ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಫಕೀರಪ್ಪನವರು ಪ್ಲಗ್ಗನ್ನೇ ಕಿತ್ತಿದ್ದರು. ಅದು ಯಾವ ಕಂಪ್ಯೂಟರಿನಲ್ಲಾದರೂ ಬರಬಹುದಾದ ಮೋಸದ ಪುಟ, ವಿಂಡೋಸ್ ಹಳತಾದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ಬಿಡಿಸಿ ಹೇಳಿದೆ. ಆದರೆ ಹೆದರಿಕೆ ಮನೆಯೊಳಗೆ ಹೊಕ್ಕಾಗಿತ್ತು. ಫಕೀರಪ್ಪನವರ ಪೆನ್ಶನ್ ಖಾತೆಯ ವ್ಯವಹಾರವೂ ಅದೇ ಯಂತ್ರದಲ್ಲಿ ನಡೆಯುತ್ತಿತ್ತು. ಅಂದಿನಿಂದ ಅವರು ಆಟಕ್ಕೂ ಅದನ್ನು ಮುಟ್ಟಿರಲಿಲ್ಲ.

ಭಾನುವಾರ ನಾನು ಕಟಕೋಳಕ್ಕೆ ಹೋದೆ. ಯಂತ್ರದ ಪ್ರೊಸೆಸರ್, ಅಂದರೆ ಅದರ ಮಿದುಳು, 2020ರಲ್ಲೇ ಸೆಕೆಂಡ್ ಹ್ಯಾಂಡ್ ಹಾಕಿದ್ದು. ವಿಂಡೋಸ್ 11 ಒಪ್ಪುವ ಮಾದರಿಗಳ ಸಾಲಿನಲ್ಲಿ ಅದು ಇರಲಿಲ್ಲ. ತಪಾಸಣೆಯನ್ನು ತಪ್ಪಿಸಿ ಒತ್ತಾಯದಿಂದ ಹಾಕುವ ಉಪಾಯಗಳಿವೆ. ಆದರೆ ಹಾಗೆ ಹಾಕಿದರೆ ಮುಂದೆ ಯಾವ ಅಪ್‌ಡೇಟ್ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಯಾರೂ ಖಾತರಿ ಕೊಡುವುದಿಲ್ಲ. ಕಾಯಂ ದಾರಿಯಾಗಿ ಉಳಿದದ್ದು ಲಿನಕ್ಸ್. ಇದೂ ವಿಂಡೋಸಿನಂತೆ ಯಂತ್ರವನ್ನು ನಡೆಸುವ ಒಂದು ಆಪರೇಟಿಂಗ್ ಸಿಸ್ಟಮ್; ಹಳೆಯ ಯಂತ್ರದ ಮೇಲೂ ಓಡುತ್ತದೆ, ಅಪ್‌ಡೇಟ್ ನಿಲ್ಲುವುದಿಲ್ಲ. ಬಸ್ಸಿನ ಆಟಕ್ಕೆ ಲಿನಕ್ಸಿನ ಆವೃತ್ತಿಯೇ ಇದೆ. ರೇಣುಕಾಳ ಆಟಕ್ಕೆ ಮಾತ್ರ ಇಲ್ಲ. ಆಡುವವರು ಮೋಸ ಮಾಡದಂತೆ ಕಾಯುವ ಒಂದು ಕಾವಲು ಪ್ರೋಗ್ರಾಂ ಆ ಆಟದೊಡನೆ ಬರುತ್ತದೆ. ಅದು ವಿಂಡೋಸಿನ ಒಳಮನೆಯಲ್ಲೇ ಕೂರುವಂಥದ್ದು, ಲಿನಕ್ಸಿನಲ್ಲಿ ಆಟವನ್ನು ತೆರೆಯಲೂ ಬಿಡುವುದಿಲ್ಲ.

ಇಷ್ಟನ್ನು ಹೇಳಿ ಮುಗಿಸುವ ಮೊದಲೇ ರೇಣುಕಾ ಎದ್ದು ನಿಂತಳು. "ಲಿನಕ್ಸ್ ಹಾಕಿಬಿಡ್ರಿ ಅಕ್ಕಾರ. ನನ್ನ ಆಟ ಹೋದ್ರ ಹೋಗ್ಲಿ."

"ಹಂಗ ಹಾಕೂದಾದ್ರ ನಾ ಇದರ ಮುಂದ ಕುಂದ್ರಾಂಗಿಲ್ಲ," ಫಕೀರಪ್ಪನವರು ಗೋಡೆಯ ಕಡೆ ನೋಡುತ್ತಲೇ ಹೇಳಿದರು. "ಮಶೀನ್ ತಂದಾಕಿ ಆಕಿ. ವಾರಕ್ಕೊಮ್ಮೆ ಆಕಿ ನಗೂದು ಈ ಖೋಲ್ಯಾಗಷ್ಟ. ಅದನ್ನ ಕಸಗೊಂಡು ನಾ ಬಸ್ ಹೊಡೀಲೇನು?"

"ಅಪ್ಪಾ, ನೀ ಮುಂಜಾನಿಂದ ಸಂಜೀತನ ಹಂಗ ಸುಮ್ಮ ಕುಂತ್ರ ನಾ ಡ್ಯೂಟಿ ಮ್ಯಾಲೆ ಹೆಂಗ ಇರ್ಲಿ?"

ಶಾಂತವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತರು. ಇಬ್ಬರೂ ಒಬ್ಬರಿಗಾಗಿ ಒಬ್ಬರು ಬಿಟ್ಟುಕೊಡಲು ಹಟ ಹಿಡಿದ ಜಗಳ ಬಿಡಿಸುವುದು ಕಷ್ಟ. ಬೇಕು ಎನ್ನುವವರನ್ನು ಸಮಾಧಾನ ಮಾಡಬಹುದು, ಬೇಡ ಎನ್ನುವವರನ್ನಲ್ಲ. ನನಗೂ ಹಟ ಬಂತು.

"ಯಾರೂ ಏನೂ ಬಿಡೂದು ಬ್ಯಾಡ," ಎಂದೆ. "ಇದ್ದದ್ದು ಇದ್ದಂಗ ಇರ್ಲಿ. ಮದಲ ನೋಡೂಣು. ಕಾಕಾರ, ನೀವ ಓಡಿಸಿ ಹೇಳಬೇಕು."

ವಿಂಡೋಸೂ ಫೈಲುಗಳೂ ಇದ್ದ ಅವರ ಡಿಸ್ಕನ್ನು ಬಿಚ್ಚಿ ಬದಿಗಿಟ್ಟು, ನನ್ನ ಚೀಲದಲ್ಲಿದ್ದ ಖಾಲಿ ಡಿಸ್ಕನ್ನು ಕೂರಿಸಿ ಅದರಲ್ಲಿ ಲಿನಕ್ಸ್ ಹಾಕಿದೆ. ಪ್ರಯೋಗ ಕೆಟ್ಟರೂ ಮನೆಯವರ ಯಾವ ಫೈಲಿಗೂ ಧಕ್ಕೆಯಾಗದಂತೆ ಮಾಡುವ ಕ್ರಮ ಇದು. ಆಟ ಡೌನ್‌ಲೋಡ್ ಆಗುವಷ್ಟರಲ್ಲಿ ಶಾಂತವ್ವ ಬಡಿಸಿದ ರೊಟ್ಟಿ, ಬದನೆಕಾಯಿ ಪಲ್ಯದ ಊಟ ಮುಗಿದಿತ್ತು. ನಾನು ಓದಿಕೊಂಡು ಹೋಗಿದ್ದ ಮಾಹಿತಿಯ ಪ್ರಕಾರ ಅವರ ಸ್ಟೇರಿಂಗ್ ಚಕ್ರ ಲಿನಕ್ಸಿನಲ್ಲಿ 'ಕೆಲಸ ಮಾಡುತ್ತದೆ'. ತೆರೆದು ನೋಡಿದೆ. ಎಡಕ್ಕೆ ತಿರುಗಿಸಿದರೆ ಬಸ್ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಪೆಡಲ್‌ಗಳೂ ಸರಿ. ಖುಷಿಯಿಂದ ಕುರ್ಚಿ ಬಿಟ್ಟುಕೊಟ್ಟೆ.

ಫಕೀರಪ್ಪನವರು ಮೊದಲ ತಿರುವು ದಾಟಿದರು, ಎರಡನೆಯದನ್ನೂ ದಾಟಿದರು. ಆಮೇಲೆ ಬಸ್ಸನ್ನು ರಸ್ತೆಯ ಬದಿಗೆ ಹಾಕಿ ಕೈ ತೆಗೆದುಬಿಟ್ಟರು.

"ಯಾಕ್ರೀ ಕಾಕಾರ?"

"ಬಸ್ ಹೊಂಟೈತಿ. ರಸ್ತಾ ಕೈಗೆ ಬರವಲ್ದು."

ಏನೆಂದು ತಿಳಿಯಲು ನಾನೇ ಚಕ್ರ ಹಿಡಿದು ನೋಡಿದೆ. ವಿಂಡೋಸಿನಲ್ಲಿ ಚಕ್ರದೊಳಗಿನ ಮೋಟಾರು ಕೈಗೆ ಎದುರು ಒತ್ತಡ ಕೊಡುತ್ತಿತ್ತು. ತಿರುವಿನಲ್ಲಿ ಭಾರ, ತಗ್ಗಿನಲ್ಲಿ ನಡುಕ, ಕೈ ಸಡಿಲಿಸಿದರೆ ತಾನಾಗಿ ನೇರಕ್ಕೆ ಬರುವ ಸೆಳೆತ. ಇದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಇಲ್ಲಿ ಚಕ್ರ ಖಾಲಿ ಡಬ್ಬಿಯ ಮುಚ್ಚಳದಂತೆ ಹಗುರವಾಗಿ ತಿರುಗುತ್ತಿತ್ತು.

"ಸಾಕ ಬಿಡ್ರಿ ವಿಜಯಕ್ಕಾರ," ಎಂದರು ಅವರು. "ನಿಮಗ್ಯಾಕ ತ್ರಾಸು. ನಾ ಟಿವಿ ನೋಡ್ತೇನಿ." ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅಷ್ಟು ಕಂಗೆಡುತ್ತಿರಲಿಲ್ಲ. ರೇಣುಕಾ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ಹಳೆಯ ಡಿಸ್ಕನ್ನು ಮತ್ತೆ ಕೂರಿಸಿ, ಮುಂದಿನ ಭಾನುವಾರ ಬರುತ್ತೇನೆ ಎಂದು ಹೇಳಿ ಸವದತ್ತಿಯ ಬಸ್ ಹತ್ತಿದೆ. ಆ ವಾರ ಗಿರಾಕಿಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಅದೊಂದನ್ನೇ ಹುಡುಕಿದೆ. ಲಿನಕ್ಸಿನಲ್ಲಿ ತಾನಾಗಿ ಬರುವ ಡ್ರೈವರ್ (ಯಂತ್ರಕ್ಕೂ ಚಕ್ರಕ್ಕೂ ನಡುವೆ ಮಾತು ಮುಟ್ಟಿಸುವ ಸಣ್ಣ ಪ್ರೋಗ್ರಾಂ) ಆ ಮಾದರಿಯ ಚಕ್ರದ ತಿರುವನ್ನು ಓದುತ್ತಿತ್ತು, ಅದರ ಮೋಟಾರಿಗೆ ಆಜ್ಞೆ ಕೊಡುತ್ತಿರಲಿಲ್ಲ. ಇಂಥ ಆಟಗಳ ಹುಚ್ಚಿರುವ ಯಾರೋ ಬಿಡುವಿನಲ್ಲಿ ಬರೆದು ಎಲ್ಲರಿಗೂ ಬಿಟ್ಟಿದ್ದ ಇನ್ನೊಂದು ಡ್ರೈವರ್ ಸಿಕ್ಕಿತು. ಮೊದಲ ಸಲ ಅದು ನಾನು ಹಾಕಿದ್ದ ಲಿನಕ್ಸಿಗೆ ಹೊಂದಲಿಲ್ಲ. ಆವೃತ್ತಿ ಬದಲಿಸಿ ಮತ್ತೆ ಹಾಕಿದೆ, ಹೊಂದಿಕೊಂಡಿತು. ಆದರೆ ಚಕ್ರ ಕಟಕೋಳದಲ್ಲಿತ್ತು. ಅದು ಕೈಗೆ ಭಾರ ಕೊಡುತ್ತದೋ ಇಲ್ಲವೋ ಎಂದು ಅಂಗಡಿಯಲ್ಲಿ ಕೂತು ಹೇಳುವಂತಿರಲಿಲ್ಲ.

ಭಾನುವಾರ ಹೋದಾಗ ಫಕೀರಪ್ಪನವರು ಕಟ್ಟೆಯ ಮೇಲೆ ಕೂತಿದ್ದರು. "ಬಂದ್ರ್ಯಾ?" ಎಂದರು, ಆದರೆ ಏಳಲಿಲ್ಲ. ನನ್ನ ಲಿನಕ್ಸ್ ಡಿಸ್ಕ್ ಕೂರಿಸಿ ಯಂತ್ರ ಚಾಲೂ ಮಾಡಿದೆ. ಚಕ್ರ ಒಮ್ಮೆ ತಾನಾಗಿ ಎಡಕ್ಕೆ, ಒಮ್ಮೆ ಬಲಕ್ಕೆ ಪೂರ್ತಿ ತಿರುಗಿ ನಡುವೆ ಬಂದು ನಿಂತಿತು. ಆ ಸದ್ದು ಕೇಳಿ ಅವರೇ ಒಳಗೆ ಬಂದರು.

ಈ ಸಲ ಮೊದಲ ತಿರುವಿನಲ್ಲೇ ಅವರ ಭುಜ ಸ್ವಲ್ಪ ಬಾಗಿತು. ಇಳಿಜಾರು ಬಂತು, ಹಿಮ ಬಿದ್ದ ರಸ್ತೆ ಬಂತು. ಒಂದು ನಿಲ್ದಾಣದಲ್ಲಿ ಬಸ್ ನಿಲ್ಲಿಸಿ, ಹಿಂದಕ್ಕೆ ತಿರುಗದೆಯೇ ಕೂಗಿದರು: "ಯಾರರ ಇಳಿಯೋರ ಅದೀರೇನು?"

"ಇಲ್ಲೋ ಮಾರಾಯಾ, ಹೊಡಿ ಗಾಡಿ!" ಎಂದರು ಶಾಂತವ್ವ. ಎಲ್ಲರೂ ನಕ್ಕೆವು.

ಇನ್ನು ಉಳಿದದ್ದು ಮಗಳ ಆಟ. ಯಂತ್ರದಲ್ಲಿ ಎರಡು ಡಿಸ್ಕ್ ಇರಲಿ ಎಂದೆ. ಹೊಸ ಡಿಸ್ಕಿನಲ್ಲಿ ಲಿನಕ್ಸ್. ಪೆನ್ಶನ್, ಬ್ಯಾಂಕ್, ವಿಡಿಯೋ, ಬಸ್ ಎಲ್ಲ ಅದರಲ್ಲಿ. ಹಳೆಯದರಲ್ಲಿ ವಿಂಡೋಸ್ 10. ಅದರಿಂದ ಬ್ಯಾಂಕಿನದೆಲ್ಲ ಅಳಿಸಿ, ರೇಣುಕಾಳ ಆಟವೊಂದನ್ನೇ ಉಳಿಸುವುದು. ಹೆಸರು ನೋಂದಾಯಿಸಿದವರಿಗೆ ಇನ್ನೊಂದು ವರ್ಷ ಸುರಕ್ಷೆಯ ಅಪ್‌ಡೇಟ್ ಕೊಡುವ ವ್ಯವಸ್ಥೆ ಇತ್ತು, ಅದಕ್ಕೆ ಆ ಡಿಸ್ಕನ್ನು ಸೇರಿಸಿದೆ. ಚಾಲೂ ಮಾಡುವಾಗ ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬೇಕು. ಈ ಏರ್ಪಾಡು ಕಾಯಂ ಅಲ್ಲ, ವರ್ಷ ಕಳೆದರೆ ಹಳೆಯ ಡಿಸ್ಕಿನ ಪ್ರಶ್ನೆ ಮತ್ತೆ ಎದುರು ಬರುತ್ತದೆ ಎಂಬುದನ್ನೂ ಮುಚ್ಚಿಡದೆ ಹೇಳಿದೆ.

"ವರ್ಷ ಯಾಕ್ ಬೇಕ್ರೀ?" ಎಂದಳು ರೇಣುಕಾ. "ಎರಡೂ ಕಡೆ ನಡಿಯೂವಂಥಾ ಆಟ ಹುಡುಕತೇನಿ. ನಾಲ್ಕೂ ಮಂದಿನ್ನ ಅದಕ್ಕ ಎಳಕೊಂಡ ಬರತೇನಿ. ಬರಲಾರದ ಎಲ್ಲಿ ಹೋಗ್ತಾರ ನೋಡೂಣು."

ಎಳೆದುಕೊಂಡು ಬರುತ್ತಿದ್ದಾಳೆ ಕೂಡ. ನಾನು ಇದನ್ನು ಬರೆಯುವ ಹೊತ್ತಿಗೆ ಮೂವರು ಒಪ್ಪಿ ಹೊಸ ಆಟಕ್ಕೆ ಬಂದಿದ್ದಾರೆ. ದುಬೈಯವಳು ಮಾತ್ರ ಇನ್ನೂ ಹಳೆಯದನ್ನೇ ಹಿಡಿದು ಕೂತಿದ್ದಾಳೆ. ಅವಳ ಸಲುವಾಗಿ ತಿಂಗಳಿಗೊಮ್ಮೆ ಹಳೆಯ ಡಿಸ್ಕ್ ಚಾಲೂ ಆಗುತ್ತದೆ.

ನಮ್ಮ ಕಸುಬಿನಲ್ಲಿ 'ನಡೀತದ' ಎಂಬ ಮಾತನ್ನು ನಾವೇ ಹೇಳಿ, ನಾವೇ ನಂಬಿ, ಬ್ಯಾಗ್ ಮುಚ್ಚಿಬಿಡುತ್ತೇವೆ. ಪರದೆ ಬೆಳಗಿತು, ಗುಂಡಿ ಒತ್ತಿದರೆ ಉತ್ತರ ಬಂತು, ಮುಗಿಯಿತು. ಆದರೆ ಆ ಕುರ್ಚಿಯಲ್ಲಿ ನಾಳೆಯಿಂದ ಕೂರುವವರು ನಾವಲ್ಲ. ಆ ಮಾತನ್ನು ಹೇಳುವ ಹಕ್ಕು ಕೂರುವವರದು, ಅವರು ಹೇಳುವವರೆಗೆ ಕೆಲಸ ಮುಗಿದಿಲ್ಲ ಎಂಬುದು ಹದಿನೇಳು ವರ್ಷದ ಮೇಲೆ ಕಟಕೋಳದಲ್ಲಿ ನನಗೆ ಗಟ್ಟಿಯಾಯಿತು. ಈಗಲೂ ವಾರಕ್ಕೆ ನಾಲ್ಕಾರು ಫೋನ್ ಬರುತ್ತವೆ: "ಮೇಡಂ, ಬದಲ ಮಾಡೂದೋ ಬ್ಯಾಡೋ, ಒಂದ ಮಾತಿನ್ಯಾಗ ಹೇಳ್ರಿ." ಒಂದು ಮಾತಿನಲ್ಲಿ ಹೇಳುವುದನ್ನು ನಾನು ಬಿಟ್ಟಿದ್ದೇನೆ. ಮನೆಗೆ ಬರುತ್ತೇನೆ, ನೀವು ದಿನಾ ಮಾಡುವುದನ್ನು ನನ್ನೆದುರು ಒಮ್ಮೆ ಮಾಡಿ ತೋರಿಸಿ ಎನ್ನುತ್ತೇನೆ. ಆಮೇಲೆ ಅವರ ಹಿಂದೆ ಒಂದು ಸ್ಟೂಲ್ ಎಳೆದುಕೊಂಡು, ಪರದೆಯನ್ನು ಬಿಟ್ಟು ಅವರ ಕೈಗಳನ್ನು ನೋಡುತ್ತ ಕೂರುತ್ತೇನೆ.