‘ಇಲ್ಲ’ ಎಂಬ ಪದ

ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಅವಳಿಗೆ ‘ಟೀಚರಮ್ಮ’ ಎಂದೇ ಅಡ್ಡಹೆಸರು. ನಿಯಮದ ಮಾತು ಬಂದರೆ ಅವಳಿಗೆ ನೆಂಟರೂ ಇಲ್ಲ, ಇಷ್ಟರೂ ಇಲ್ಲ. ವಾರ್ಡಿನ ಬಾಗಿಲ ಮೇಲಿನ ಪರದೆಯಲ್ಲಿ ‘ಭೇಟಿ ನಿಷೇಧ’ ಎಂದು ಕೆಂಪಕ್ಷರ ಮೂಡಿದರೆ ಒಳಗೆ ಸೋಂಕಿದೆ ಎಂದರ್ಥ. ಆಗ ಮಂತ್ರಿ ಬಂದರೂ ಹೊರಗೇ ನಿಲ್ಲಬೇಕು. ಆ ಮಾಹಿತಿಯನ್ನು ವಾರ್ಡಿನಿಂದ ಪಡೆಯುವ ಪ್ರೋಗ್ರಾಮ್ ಅವಳದು. ಪರದೆ ನಡೆಸುವ ಹಳೆಯ ಪ್ರೋಗ್ರಾಮ್ ಬೇರೊಂದು ಭಾಷೆಯಲ್ಲಿತ್ತು, ಅವಳು ಅಣ್ಣ ಎನ್ನುತ್ತಿದ್ದ ಹಿರಿಯ ಸಹೋದ್ಯೋಗಿ ಬರೆದದ್ದು. ಎರಡೂ ಚುರುಕಾಗಿ ಕೆಲಸ ಮಾಡಲೆಂದು ನಡುವೆ ಒಂದು ಕ್ಯಾಶ್ ಇಟ್ಟರು: ಒಂದು ಬರೆದಿಟ್ಟದ್ದನ್ನು ಇನ್ನೊಂದು ಥಟ್ಟನೆ ಓದಿಕೊಳ್ಳುವ ಜಾಗ. ಮೊದಲು ಜೋಡಿಸಿದ್ದು ಹೃದ್ರೋಗದ ವಾರ್ಡಿಗೆ. ಅವಳ ಅಮ್ಮ ಮಲಗಿದ್ದದ್ದೂ ಅಲ್ಲೇ.

ಜೋಡಿಸಿದ ದಿನವೇ ಮಧ್ಯಾಹ್ನ ಅಮ್ಮನಿಗೆ ಯಾಕೋ ಸರಿಯಿಲ್ಲವೆಂದು ಕೇಳಿ, ಫೋನನ್ನೂ ಮೇಜಿನ ಮೇಲೇ ಬಿಟ್ಟು ಓಡಿದಳು. ಬಾಗಿಲ ಮೇಲೆ ಕೆಂಪಕ್ಷರ.

“ನೀವು ಇಲ್ಲಿಯವ್ರೇ ಅಲ್ವಾ ಮೇಡಂ, ಒಂದ್ನಿಮಿಷ ಹೋಗ್ಬನ್ನಿ,” ಎಂದ ಕಾವಲಿನವನು.

ಅವಳು ಒಪ್ಪಲಿಲ್ಲ. ಒಳಗಿರುವ ಬೇರೆ ರೋಗಿಗಳ ಗತಿಯೇನು ಎಂದು ಅವನಿಗೇ ಬುದ್ಧಿ ಹೇಳಿ, ಬೆಂಚಿನ ಮೇಲೆ ಕೂತಳು.

ಹೊತ್ತು ಇಳಿದ ಮೇಲೆ ನರ್ಸ್ ಹೊರಗೆ ಬಂದವಳು ಅವಳನ್ನು ಕಂಡು ಅಲ್ಲೇ ನಿಂತಳು. “ಇಲ್ಲೇ ಇದ್ರಾ? ಎಷ್ಟು ಸಲ ಫೋನ್ ಮಾಡಿದ್ವಿ. ಕೊನೇವರ್ಗೂ ಬಾಗಿಲನ್ನೇ ನೋಡ್ತಿದ್ರು ನಿಮ್ಮಮ್ಮ.”

ಒಳಗೆ ಸೋಂಕೇ ಇರಲಿಲ್ಲ.

ಕಾರಣ ಹುಡುಕಿದವರು ಅಣ್ಣ. ನಿಷೇಧ ‘ಇಲ್ಲ’ ಎಂದೇ ಅವಳ ಪ್ರೋಗ್ರಾಮ್ ಬರೆದಿತ್ತು. ಆದರೆ ಅದು ಕ್ಯಾಶ್ ಸೇರಿದ್ದು ಅಕ್ಷರಗಳ ಪದವಾಗಿ. ಅಣ್ಣನ ಪ್ರೋಗ್ರಾಮಿಗೆ ಪದದ ಅರ್ಥ ಬೇಕಿರಲಿಲ್ಲ. ಜಾಗ ಖಾಲಿಯಿದ್ದರೆ ಇಲ್ಲ, ಏನೇ ಬರೆದಿದ್ದರೂ, ‘ಇಲ್ಲ’ ಎಂದೇ ಬರೆದಿದ್ದರೂ, ಹೌದು.

ಅದನ್ನು ಹೇಳಲು ಮನೆಗೆ ಬಂದ ಅಣ್ಣ ಚಪ್ಪಲಿ ಬಿಟ್ಟಲ್ಲೇ ನಿಂತರು. “ತಪ್ಪು ನಂದಮ್ಮ. ನೀನು ಏನು ಬರೀತೀಯ ಅಂತ ಒಂದ್ಮಾತು ಕೇಳ್ಬೇಕಿತ್ತು.”

“ನಾನೂ ಹೇಳ್ಬೋದಿತ್ತಲ್ಲ ಅಣ್ಣ,” ಎಂದಳು ಅವಳು. ಆಮೇಲೆ, “ಆ ಕಾವಲಿನವ್ನು ಹೋಗ್ಬನ್ನಿ ಅಂದ. ನಾನೇ ಹೋಗ್ಲಿಲ್ಲ,” ಎಂದಳು.

ಅಲ್ಲಿಯವರೆಗೆ ಆಫ್ ಮಾಡಿಟ್ಟಿದ್ದ ಪರದೆಯನ್ನು ಅವಳು ಕೆಲಸಕ್ಕೆ ಮರಳಿದ ದಿನ ಇಬ್ಬರೂ ಸೇರಿ ಸರಿಪಡಿಸಿದರು. ಪದ ತೆಗೆದು, ಎರಡೂ ಭಾಷೆಗಳು ಅಂಕಿಯೆಂದೇ ಓದುವಂತೆ ‘ಇಲ್ಲ’ಕ್ಕೆ ಸೊನ್ನೆ, ‘ಹೌದು’ಗೆ ಒಂದು ಇಟ್ಟರು. ಊಟದ ಹೊತ್ತಿಗೆಲ್ಲ ಮುಗಿದುಹೋಗುವಷ್ಟು ಸಣ್ಣ ಕೆಲಸ. ವಾರ್ಡಿಗೆ ಹೋಗಿ ಪರೀಕ್ಷಿಸಲು ಅಣ್ಣ ಎದ್ದರು. ಅವಳು ಅವರನ್ನು ಕೂರಿಸಿ ತಾನೇ ಹೋದಳು.

ಪರದೆಯ ಮೇಲೆ ಹಸಿರಕ್ಷರವಿತ್ತು. ಬಾಗಿಲು ತಳ್ಳಿ ಒಳಗೆ ನಡೆದಳು. ಅಮ್ಮ ಮಲಗಿದ್ದ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಬೇರೊಬ್ಬ ಅಜ್ಜಿ ಒರಗಿ ಕೂತಿದ್ದರು, ಮಗಳು ತಲೆ ಬಾಚುತ್ತಿದ್ದಳು.

“ಯಾರು ಬೇಕಿತ್ತು?” ಎಂದು ಕೇಳಿದಳು ಆ ಮಗಳು.

ಅವಳು ಹಾಸಿಗೆಯ ಕಂಬಿ ಹಿಡಿದು ನಿಂತೇ ಇದ್ದಳು.